ಕ್ವೆಚುವಾ, ಡೋಗ್ರಿ ಮತ್ತು ಮುಳಬಾಗಿಲಿನ ಅಮ್ಮ

ಕೋಲಾರದಲ್ಲಿ ಕೂತು ಕ್ವೆಚುವಾ, ಡೋಗ್ರಿ ಭಾಷೆಗಳ ಒಳನುಡಿಗಳನ್ನು ಹೋಲಿಸಿ ಪಿಎಚ್‌ಡಿ ಮಾಡುತ್ತೇನೆಂದು ಹೊರಟವಳಿಗೆ ನಗುವಿನ ಬರ ಬರುವುದಿಲ್ಲ. ಕ್ವೆಚುವಾ ದಕ್ಷಿಣ ಅಮೆರಿಕದ ಬೆಟ್ಟಗಳದ್ದು, ಡೋಗ್ರಿ ಜಮ್ಮು ಕಡೆಯದು. ಎರಡು ಕಡೆಯೂ ಬೆಟ್ಟ ದಾಟಿದರೆ ಮಾತಿನ ಧಾಟಿ ಬೇರೆ. ಆದರೆ ಗಡಿಯಲ್ಲಿರುವವರಿಗೆ ತಾವು ಒಂದು ಮಾತಿನಿಂದ ಇನ್ನೊಂದಕ್ಕೆ ಜಾರಿದ್ದು ಗೊತ್ತೇ ಆಗುವುದಿಲ್ಲ ಎಂಬುದು ನನ್ನ ವಾದ. ಅದು ಬಿದ್ದರೆ ಇಷ್ಟು ವರ್ಷದ ದುಡಿಮೆ ನೀರುಪಾಲು.

ಮಾವನ ತೀರ್ಪು

ಶಿವಾರಪಟ್ಟಣದಲ್ಲಿ ಸೋದರಮಾವ ವಿಗ್ರಹ ಕೆತ್ತುತ್ತಾರೆ. ಅವರ ಶೆಡ್ಡಿನಲ್ಲಿ ಕೂತು, ಇಬ್ಬರು ಹೆಂಗಸರ ಕ್ವೆಚುವಾ ಮಾತುಕತೆಯ ರೆಕಾರ್ಡಿಂಗನ್ನು ಫೋನಿನಲ್ಲಿ ಹಾಕಿಕೊಂಡು ಕೇಳುತ್ತಿದ್ದೆ. ಮಾವ ಉಳಿ ಕೆಳಗಿಟ್ಟು ಕಿವಿಗೊಟ್ಟರು.

"ಜೋರು ಜಗಳ ಕಣೇ ಇದು."

"ಇಲ್ಲ ಮಾವ, ಮದುವೆ ಮನೇಲಿ ಹೆಣ್ಣಿಗೆ ಆಶೀರ್ವಾದ ಮಾಡ್ತಿದಾರೆ."

"ಮದುವೆ ಮನೇನಾ? ಹಂಗಾದ್ರೆ ಬೀಗಿತ್ತೀರು. ನಾನ್ ಹೇಳಿದ್ದೇ ಸರಿ!"

ಅಷ್ಟು ದೂರ ಯಾಕೆ?

ವೇಮಗಲ್‌ನಲ್ಲಿ ಡೇರಿಗೆ ಹಾಲು ಹಾಕಲು ಬಂದ ದೊಡ್ಡಮ್ಮ ನನ್ನ ಓದಿನ ಬಗ್ಗೆ ವಿಚಾರಿಸಿದರು. ಕ್ವೆಚುವಾದವರಲ್ಲಿ ಈ ತುದಿಯವರ ಮಾತು ಆ ತುದಿಯವರಿಗೆ ತಿಳಿಯುವುದಿಲ್ಲ, ಡೋಗ್ರಿಯಲ್ಲಿ ಅಷ್ಟು ತೊಂದರೆಯಿಲ್ಲ ಎಂದು ವಿವರಿಸಿದೆ.

ದೊಡ್ಡಮ್ಮ ನಿಟ್ಟುಸಿರು ಬಿಟ್ಟರು. "ನಾವು ಕ್ವೆಚುವಾದೋರು ಬಿಡಮ್ಮ. ನಾನು ಅಡುಗೆಮನೇಲಿ ಹೇಳಿದ್ದು ನಡುಮನೇಲಿರೋ ಸೊಸೆಗೆ ತಿಳಿಯಲ್ಲ."

ವೈವಾ

ಕೊನೆಗೆ ವೈವಾ ದಿನ ಬಂತು. ಮುಳಬಾಗಿಲಿನಿಂದ ಅಮ್ಮ ರೇಷ್ಮೆ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲೇ ಕೂತಳು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಪುಟ ತಿರುವಿ ತಲೆಯಾಡಿಸಿದರು.

"ಇದನ್ನ ಒಪ್ಪೋಕಾಗಲ್ಲಮ್ಮ. ನಾನೂ ಶ್ರೀನಿವಾಸಪುರದೋನೇ, ಆಂಧ್ರ ಗಡಿಯೋನು. ಆಡೋ ಭಾಷೆ ಯಾವುದು ಅಂತ ಆಡೋರಿಗೇ ಗೊತ್ತಾಗಲ್ವಾ?"

ಹೆದರಿಕೆಯಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ಬೇಕಾದ್ರೆ ನಮ್ಮ ಅಮ್ಮನ್ನೇ ಕೇಳಿ ಸಾರ್."

ಅವರು ನಗುತ್ತಾ ಕೇಳಿದರು: "ಏನಮ್ಮಾ, ಮನೇಲಿ ಯಾವ ಭಾಷೆ ಮಾತಾಡ್ತೀರಿ?"

ಶ್ರೀನಿವಾಸಪುರದವರು ಎಂದು ಕೇಳಿಯೇ ಅಮ್ಮನಿಗೆ ತವರಿನವರು ಸಿಕ್ಕಷ್ಟು ಖುಷಿಯಾಗಿತ್ತು. ಎದ್ದು ನಿಂತು ಗಟ್ಟಿಯಾಗಿ ಹೇಳಿದಳು: "ಮೇಮು ಇಂಟ್ಲೋ ಕನ್ನಡಮೇ ಸಾರ್ ಮಾಟ್ಲಾಡೇದಿ. ತೆಲುಗು ಮಾಕು ರಾನೇ ರಾದು!"

ಮನೆಯಲ್ಲಿ ಆಡುವುದು ಕನ್ನಡವೇ, ತೆಲುಗು ತನಗೆ ಬರುವುದೇ ಇಲ್ಲವೆಂದು ಅಚ್ಚ ತೆಲುಗಿನಲ್ಲಿ ಹೇಳಿದ್ದಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಪರೀಕ್ಷಕರು ಮಾತ್ರ ಗಂಭೀರವಾಗಿ ತಲೆದೂಗಿದರು. "ಸರೇಮ್ಮಾ, ಅರ್ಥಮೈಂದಿ. ಕೂರ್ಚೋಂಡಿ."

ಈಗ ಇಡೀ ಹಾಲ್ ಹೋ ಎಂದಿತು. ಪಕ್ಕದಲ್ಲಿದ್ದ ವೈವಾ ಅಧ್ಯಕ್ಷರು ನಗು ತಡೆಯಲಾಗದೆ ಅವರ ಭುಜ ಮುಟ್ಟಿದರು. "ಸಾರ್, ನೀವೂ ತೆಲುಗಲ್ಲೇ ಮಾತಾಡಿದ್ರಿ."

"ನಾನಾ? ಯಾವಾಗ?" ಎಂದು ಪರೀಕ್ಷಕರು ಕಣ್ಣರಳಿಸಿದರು. "ಎಪ್ಪುಡು?"

ಅಲ್ಲಿಗೆ ನಾನು ಡಾಕ್ಟರ್ ಆದೆ.