ಅತ್ತೆಯ ಹಾಲಿನ ಫ್ಯಾಟು ಚಿಕ್ಕೇಗೌಡರ ಚೀಟಿಗೆ

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ, ಹೊಳೆನರಸೀಪುರದಲ್ಲಿ, ಒಂಬತ್ತನೇ ಕ್ಲಾಸಿನ ಅರ್ಧಕ್ಕೆ. ಆಮೇಲಿನದೆಲ್ಲ ಸ್ವಂತ ಸಂಪಾದನೆ. ರೇಡಿಯೋ ಬಿಚ್ಚಿ ಕಲಿತೆ, ಟೀವಿ ಸುಟ್ಟು ಕಲಿತೆ, ಹಾಸನದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕಸ ಗುಡಿಸುತ್ತಲೇ ಪ್ರೋಗ್ರಾಮು ಬರೆಯುವುದನ್ನೂ ಕಲಿತೆ. ಇಂಗ್ಲಿಷ್ ಪುಸ್ತಕವನ್ನು ನಿಘಂಟು ಪಕ್ಕಕ್ಕಿಟ್ಟುಕೊಂಡು ದಿನಕ್ಕೊಂದು ಪುಟದಂತೆ ಓದುವವನು ನಾನು. ಇದರಲ್ಲಿ ಒಂದು ಅಪಾಯವಿದೆ. ಎಂಬತ್ತನೇ ಪುಟದಲ್ಲಿ ಹೇಳಿದ್ದನ್ನು ಮಾಡಿ ಮುಗಿಸಿರುತ್ತೇವೆ. ಹಾಗೆ ಮಾಡಿದರೆ ಏನೇನು ಕೆಡುತ್ತದೆ ಅನ್ನುವುದು ಎಂಬತ್ತೊಂದರಲ್ಲಿರುತ್ತದೆ.

೨೦೦೩ರಲ್ಲಿ ಹೆಂಡತಿಯ ತವರೂರಿನ ಹಾಲಿನ ಡೈರಿಗೆ ಪ್ರೋಗ್ರಾಮು ಬರೆದುಕೊಟ್ಟಿದ್ದೆ. ಊರು ಹಳೇಕೋಟೆ ಕಡೆಯದು. ಹೆಸರು ಬೇಡ, ಅಲ್ಲಿಗೆ ನಾನಿನ್ನೂ ಹೋಗಿಬರಬೇಕು. ತಕ್ಕಡಿ ತೂಕ ಹೇಳುತ್ತದೆ, ಇನ್ನೊಂದು ಮಿಷಿನ್ನು ಹಾಲಿನ ಕೊಬ್ಬು, ಅಂದರೆ ಫ್ಯಾಟು, ಹೇಳುತ್ತದೆ, ಕಂಪ್ಯೂಟರು ಚೀಟಿ ಕೊಡುತ್ತದೆ. ಫ್ಯಾಟಿನ ಮಿಷಿನ್ನು ನಿಧಾನ. ಅದು ಮುಗಿಯುವವರೆಗೆ ತಕ್ಕಡಿ ಸುಮ್ಮನೆ ಕೂತಿರುತ್ತಿತ್ತು. ಅಷ್ಟರಲ್ಲಿ ಎಂಬತ್ತನೇ ಪುಟದಲ್ಲಿ ಮಲ್ಟಿಥ್ರೆಡಿಂಗ್ ಬಂತು: ಒಂದೇ ಪ್ರೋಗ್ರಾಮಿನೊಳಗೆ ಥ್ರೆಡ್ಡು ಎಂಬ ಇಬ್ಬರು ಆಳುಗಳನ್ನು ಒಟ್ಟಿಗೆ ದುಡಿಸುವ ವಿದ್ಯೆ. ಕೂತು ತಿನ್ನುವ ಆಳನ್ನು ಕಂಡರೆ ನನಗಾಗದು. ತೂಕಕ್ಕೊಬ್ಬ, ಫ್ಯಾಟಿಗೊಬ್ಬ ಎಂದು ನೇಮಿಸಿಬಿಟ್ಟೆ.

ಮರುದಿನ ಬೆಳಿಗ್ಗೆ ಹಾಲು ಹಾಕುವವರ ಸಾಲು ಓಡಿತು. ಎಲ್ಲರಿಗೂ ಕೇಳುವಂತೆ ಚೀಟಿ ಓದುವುದು ಕಾರ್ಯದರ್ಶಿ ರಂಗಣ್ಣನ ಪದ್ಧತಿ. “ನಂಜಮ್ಮ, ನಾಲ್ಕೂವರೆ ಲೀಟ್ರು, ಫ್ಯಾಟು ಎರಡು ಪಾಯಿಂಟ್ ಒಂಬತ್ತು” ಎಂದ. ನಂಜಮ್ಮ ಎಂದರೆ ನನ್ನ ಅತ್ತೆ. ಅವರದು ಎಮ್ಮೆ ಹಾಲು. ಏಳಕ್ಕೆ ಕಡಿಮೆ ಬಂದದ್ದೇ ಇಲ್ಲ. ಅವರ ಹಿಂದಿದ್ದ ಚಿಕ್ಕೇಗೌಡರ ಬಡಕಲು ಹಸುವಿನ ಹಾಲಿಗೆ ಏಳು ಪಾಯಿಂಟ್ ಎರಡು! “ಏನ್ ಗೌಡ್ರೇ, ಹಸ ಎಮ್ಮೆ ಆಗೋಯ್ತಾ?” ಎಂದು ನಗು ಎದ್ದಿತು. ಆಮೇಲೆ ಅದು ಅತ್ತೆಯ ಕಡೆ ತಿರುಗಿತು. “ನಂಜಕ್ಕ, ಬಾವಿ ಅತ್ರ ಏನಾರ ಕ್ಯಾನ್ ಜಾರ್ತಾ?” ಅತ್ತೆ ಕಂಪ್ಯೂಟರಿನ ಪಕ್ಕ ನಿಂತಿದ್ದ ನನ್ನನ್ನು ನೋಡಿದರು. “ಇಪ್ಪತ್ ವರ್ಸದಿಂದ ಹಾಲಾಕ್ತಾ ಇವ್ನಿ. ಅಳಿಯಂದ್ರೇ, ನೀವೇ ಏಳಿ.” ನಾನು ಹೇಳಿದೆ: “ಮಿಷಿನ್ನು ಸುಳ್ಳು ಹೇಳಲ್ಲ ಅತ್ತೆ.” ಅವರು ಚೀಟಿ ಅಲ್ಲೇ ಬಿಟ್ಟು, ಖಾಲಿ ಕ್ಯಾನು ಎತ್ತಿಕೊಂಡು ಹೋದರು.

ಎಂಬತ್ತೊಂದನೇ ಪುಟ ಓದಿದ್ದು ಅವತ್ತು ಮಧ್ಯಾಹ್ನ. ತೂಕದ ಆಳು ಚುರುಕು. ಅತ್ತೆಯದು ಮುಗಿಸಿ ಚಿಕ್ಕೇಗೌಡರ ಹೆಸರು ತೆರೆದಿಟ್ಟಿದ್ದ. ಫ್ಯಾಟಿನವನು ನಿಧಾನಕ್ಕೆ ಬಂದು, ತೆರೆದಿದ್ದ ಹೆಸರಿನ ಮುಂದೆ ಅತ್ತೆಯ ಅಂಕಿ ಬರೆದಿದ್ದ. ಹೀಗೆ ಎಲ್ಲರ ಫ್ಯಾಟೂ ಹಿಂದೆ ನಿಂತವರಿಗೆ ದಾಟಿತ್ತು. ಇದಕ್ಕೆ ಸಿಂಕ್ರೊನೈಸೇಷನ್ ಬೇಕಂತೆ: ಒಬ್ಬ ಬರೆಯುವಾಗ ಬೀಗ ಹಾಕಿಕೊಳ್ಳಬೇಕು, ಇನ್ನೊಬ್ಬ ಹೊರಗೆ ಕಾಯಬೇಕು. ನಾನು ಒಂದಕ್ಕೆರಡು ಬೀಗ ಹಾಕಿದೆ, ಹೆಸರಿಗೊಂದು, ಅಂಕಿಗೊಂದು. ಮಾರನೆಯ ಬೆಳಿಗ್ಗೆ ಒಬ್ಬ ಹೆಸರು ಹಿಡಿದು ಅಂಕಿಗೆ ಕಾದ, ಇನ್ನೊಬ್ಬ ಅಂಕಿ ಹಿಡಿದು ಹೆಸರಿಗೆ ಕಾದ. ಹಗ್ಗ ಒಬ್ಬನ ಕೈಲಿ, ಬಿಂದಿಗೆ ಇನ್ನೊಬ್ಬನ ಕೈಲಿ. ನೀನೇ ಮೊದಲು ಕೊಡು ಅಂತ ಇಬ್ಬರೂ ಬಾವಿಕಟ್ಟೆ ಮೇಲೆ ಕೂತ ಹಾಗೆ. ಹಾಲಿನ ವ್ಯಾನು ಕಾದು ಕಾದು ಹೊರಟುಹೋಯಿತು. “ಸಾ, ಇದ್ನ ಮೊಸರಿನ ಡೈರಿ ಮಾಡ್ಬುಡಾನ” ಎಂದ ರಂಗಣ್ಣ.

ಸರಿಪಡಿಸಲು ಆರು ವಾರ ಹಿಡಿಯಿತು. ಕಣ್ಣು ಮುಚ್ಚಿದರೆ ಆ ಇಬ್ಬರು ಆಳುಗಳೇ. ಕೊನೆಗೆ ಅತ್ತೆಯ ಮನೆಗೆ ಹೋಗಿ, “ಪ್ರೋಗ್ರಾಮಿನಲ್ಲಿ ತಪ್ಪಾಗಿತ್ತು” ಎಂದೆ. ಅವರು ಎಮ್ಮೆಗೆ ಹುಲ್ಲು ಹಾಕುತ್ತಿದ್ದರು. “ಪೋಗ್ರಾಮ್ಗೆ ಅಪ್ಪ ಅವ್ವ ಯಾರೂ ಇಲ್ವಾ ಅಳಿಯಂದ್ರೇ? ಮನೇಲ್ ಏಳುದ್ರೆ ಏನ್ ಬಂತು? ಅಲ್ಲಿ ಏಳಿ, ಸಾಲ್ನಾಗೆ.”

ಹೋದೆ. ಸಾಲಿನ ಮುಂದೆ ನಿಂತು ಥ್ರೆಡ್ಡು, ಬೀಗ, ಹಗ್ಗ, ಬಿಂದಿಗೆ ಎಂದು ಅರ್ಧ ಗಂಟೆ ವಿವರಿಸಿದೆ. ಯಾರಿಗೂ ಏನೂ ತಿಳಿಯಲಿಲ್ಲ. “ಅಂಗಾರೆ ಆ ಏಳು ಪಾಯಿಂಟ್ ಎರಡು ನಮ್ದಲ್ವಾ ಸಾ?” ಎಂದು ಚಿಕ್ಕೇಗೌಡರು ಮುಖ ಸಣ್ಣ ಮಾಡಿಕೊಂಡರು. ಹೇಳಬೇಕಾಗಿದ್ದದ್ದು ‘ನನ್ನ ತಪ್ಪು’ ಎಂದು. ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿ ಬಂದೆ. ಅತ್ತೆ ಈಗ ಹಾಲನ್ನು ಹೊಳೆನರಸೀಪುರದ ಹೋಟೆಲಿಗೆ ಕಳಿಸುತ್ತಾರೆ. ನಾನು ಹೋದರೆ ಕಾಫಿ ಕೊಡುತ್ತಾರೆ, ಕರಿ ಕಾಫಿ.

ಇವತ್ತಿಗೆ ನನ್ನ ಹತ್ತಿರ ಇರುವುದು: ಒಂದು ಕಂಪ್ಯೂಟರು, ಥ್ರೆಡ್ಡಿನ ಮೇಲೆ ಮೂರು ಪುಸ್ತಕ, ತಪ್ಪಿಲ್ಲದೆ ನಡೆಯುವ ಒಂದು ಪ್ರೋಗ್ರಾಮು, ಹೇಳದೆ ಉಳಿದ ಎರಡು ಪದ.