ಮಂಗಳವಾರ, ಶುಕ್ರವಾರ ಕುದಿಯುವ ಮೋಟಾರು

ಮೋಟಾರಿನ ಬಗ್ಗೆ ನನಗೆ ಏನೂ ತಿಳಿಯದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ತಿಳಿಯದ್ದರ ಬಗ್ಗೆ ಬರೆಯುವುದೇ ನನ್ನ ಕಸುಬಾಗಿತ್ತು. ಪತ್ರಿಕೆಗೆ ಸುದ್ದಿ ಕಳಿಸುವವನಿಗೆ ಬೆಳೆಯ ರೋಗ ಗೊತ್ತಿರಬೇಕಿಲ್ಲ, ಕಾಲರಾ ಗೊತ್ತಿರಬೇಕಿಲ್ಲ. ಯಾರು, ಎಲ್ಲಿ, ಎಷ್ಟು ಗಂಟೆಗೆ ಎಂಬುದು ಗೊತ್ತಿದ್ದರೆ ಸಾಕು. ಈ ಮೂರನ್ನು ಬರೆದಿಟ್ಟರೆ ನಿಜ ತಾನಾಗಿಯೇ ಬಂದು ಕೂರುತ್ತದೆ ಎಂದು ನಂಬಿದ್ದೆ. ಬಂದು ಕೂತಿತು ನಿಜ, ನನ್ನ ಪಕ್ಕದಲ್ಲೇ.

ಯುದ್ಧದ ವರ್ಷಗಳಲ್ಲಿ ಬಸವಕಲ್ಯಾಣದಿಂದ (ಆಗ ನಮ್ಮ ಬಾಯಲ್ಲಿ ಅದು ಬರೀ ಕಲ್ಯಾಣಿ) ಹುಮನಾಬಾದಿಗೆ ದಿನಕ್ಕೊಂದು ಸರ್ವೀಸ್ ಮೋಟಾರು ಓಡುತ್ತಿತ್ತು. ಮಂಗಳವಾರ ಮತ್ತು ಶುಕ್ರವಾರ ಸುದ್ದಿಯ ಲಕೋಟೆ ಹಿಡಿದು ನಾನು ಮುಂದಿನ ಸೀಟಿನಲ್ಲಿ ಹೋಗುತ್ತಿದ್ದೆ. ಅದು ಎಷ್ಟು ಮೈಲಿ ಓಡಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಮೈಲಿ ತೋರಿಸುವ ಯಂತ್ರ ಎಂದೋ ಎಣಿಕೆ ಬಿಟ್ಟಿತ್ತು. ಏರಿನಲ್ಲಿ ಕೆಮ್ಮುತ್ತಿತ್ತು, ಇಳಿಜಾರಿನಲ್ಲಿ ನಿಲ್ಲಲೊಲ್ಲೆನೆನ್ನುತ್ತಿತ್ತು. ಇವೆಲ್ಲ ವಯಸ್ಸಿನ ಗುಣ ಎಂದು ಬಿಟ್ಟಿದ್ದೆವು. ಬಿಡಲಾಗದ ರೋಗ ಒಂದೇ: ಕುದಿಯುವುದು. ಅರ್ಧ ದಾರಿ ದಾಟಿ ಮೂರು ಮೈಲಿ ಹೋಗುವಷ್ಟರಲ್ಲಿ ಮೂತಿಯಿಂದ ಹೊಗೆಯಂತೆ ಆವಿ ಎದ್ದು ನಿಂತುಬಿಡುತ್ತಿತ್ತು.

ನಿಂತ ಮೋಟಾರಿಗೆ ವೈದ್ಯರ ಕೊರತೆ ಇರುವುದಿಲ್ಲ. ನಾರಾಯಣಪುರದ ನಾಡಿವೈದ್ಯರು ಬಾನೆಟ್ಟಿನ ಮೇಲೆ ಮೂರು ಬೆರಳಿಟ್ಟು, ಪಿತ್ತ ಎಂದರು. ಬೆರಳು ಸುಟ್ಟ ಮೇಲೂ ಮಾತು ಬದಲಿಸಲಿಲ್ಲ. ದುಬಲಗುಂಡಿಯ ರೈತನೊಬ್ಬ, ಎತ್ತಾದರೆ ಈಗ ಬಾಲ ಮುರಿಯಬೇಕು ಎಂದು ಹಿಂಬದಿಗೆ ಹೋಗಿ ನೋಡಿಬಂದ. ಒಬ್ಬ ಮುದುಕಿ ಲಿಂಬೆಹಣ್ಣು ಕಟ್ಟಿದಳು. ಮೋಟಾರಿನ ಮಾಲಕ ರಾಚಪ್ಪ ಸಾಹುಕಾರರ ರೋಗನಿರ್ಣಯ ಮಾತ್ರ ಬೇರೆ: ರೋಗ ಮೋಟಾರಿನದಲ್ಲ, ಡ್ರೈವರನದು. ಇನ್ನೊಮ್ಮೆ ಕುದ್ದರೆ ಕೀಲಿ ಇಟ್ಟು ಮನೆಗೆ ಹೋಗಬೇಕು ಎಂದು ಖಾಜಾಮಿಯಾನಿಗೆ ಹೇಳಿಬಿಟ್ಟರು. ಖಾಜಾಮಿಯಾ ಹನ್ನೊಂದು ವರ್ಷದಿಂದ ಆ ಮೋಟಾರು ನಡೆಸಿದವನು. ನಡೆಸಲು ಆ ಸೀಮೆಯಲ್ಲಿ ಇನ್ನೊಂದು ಮೋಟಾರೂ ಇರಲಿಲ್ಲ.

ನನಗೆ ಅನ್ಯಾಯವೆನಿಸಿತು. ನನ್ನ ಬಳಿ ನೋಟ್‌ಬುಕ್ಕಿತ್ತು. ಹಿಂದಿನ ಎರಡು ತಿಂಗಳು ಮೋಟಾರು ಎಲ್ಲಿ ಕುದಿಯಿತು, ಎಷ್ಟು ಗಂಟೆಗೆ, ಎಷ್ಟು ಮಂದಿ ಇದ್ದರು, ಎಲ್ಲವನ್ನೂ ಅಭ್ಯಾಸಬಲದಿಂದ ಬರೆದಿದ್ದೆ. ಮುಂದಿನ ಶುಕ್ರವಾರ ಅದು ಮತ್ತೆ ಕುದಿಯಿತು; ರಿಪೇರಿಗೆ ಒಯ್ದೆವು. ಸಾಹುಕಾರರು ಮಾಣಿಕನಗರದ ಹತ್ತಿರವಿದ್ದ ಉಸ್ಮಾನ್ ಮಿಸ್ತ್ರಿಯ ಶೆಡ್ಡಿಗೇ ಬಂದು, ಕೀಲಿಗಾಗಿ ಕೈ ಚಾಚಿ ನಿಂತರು. ಆಗ ನಾನು ದೊಡ್ಡ ವಕೀಲನಂತೆ ನೋಟ್‌ಬುಕ್ ತೆಗೆದು ಓದಿದೆ.

ಮಿಸ್ತ್ರಿ ಬೀಡಿ ಆರಿಸಿ ಕೇಳಿಸಿಕೊಂಡ. "ಎಲ್ಲಾ ಮಂಗಳವಾರ, ಶುಕ್ರವಾರನೇ ಅದಲ್ರಿ. ಉಳಿದ ದಿನ?"

ಉಳಿದ ದಿನ ನಾನಿರುವುದಿಲ್ಲ, ಆದ್ದರಿಂದ ಬರೆದಿಲ್ಲ ಎಂದೆ.

"ಖಾಜಾ, ಉಳಿದ ದಿನ ಕುದೀತದೇನು?"

"ಇಲ್ಲ ಉಸ್ತಾದ್."

"ಹಂಗಾದ್ರ ಈ ಎರಡು ದಿನ ಏನ್ ಬ್ಯಾರೆ ಮಾಡ್ತಿ?"

ಖಾಜಾಮಿಯಾ ನನ್ನ ಮುಖ ನೋಡದೆ ನೆಲ ನೋಡಿದ. ಮಿಸ್ತ್ರಿ ಮೋಟಾರಿನ ಮುಂದಿದ್ದ ರೇಡಿಯೇಟರಿನ ಕೆಳಗಿನ ನಲ್ಲಿ ತಿರುಗಿಸಿದ. ನೀರು ಬರಲಿಲ್ಲ; ಹಸಿರು ಪಾಚಿ ಎಳೆ ಎಳೆಯಾಗಿ, ಕೆಸರಿನ ಜೊತೆ ಇಳಿಯಿತು. ಹೊಸ ಪಾಚಿ ಒಳಗೆ ಹೋದ ದಿನ ನಳಿಗೆ ಕಟ್ಟಿ ಕುದಿಯುತ್ತದೆ, ಮರುದಿನ ಅದು ತಳಕ್ಕೆ ಕೂತು ದಾರಿ ಬಿಡುತ್ತದೆ ಎಂದ. ಇಂಥ ಹೊಂಡದ ನೀರು ಯಾರು ಹಾಕಿದ್ದು ಎಂದು ಸಾಹುಕಾರರು ಗುಡುಗಿದರು.

ಉತ್ತರ ನನ್ನ ಕೈಯಲ್ಲೇ ಇತ್ತು. ಪ್ರತಿ ಪುಟದಲ್ಲೂ: ಅರ್ಧ ದಾರಿಯ ಹೊಂಡದ ಬಳಿ ನೀರು ಹಾಕಲಾಯಿತು, ಇಪ್ಪತ್ತು ನಿಮಿಷ. ಆ ಹೊಂಡದ ದಂಡೆಯ ಬೇವಿನ ಕೆಳಗೆ ನಾಲ್ಕು ಹಳ್ಳಿಯ ಸುದ್ದಿ ಕೂತಿರುತ್ತಿತ್ತು. ಸುಮ್ಮನೆ ಮೋಟಾರು ನಿಲ್ಲಿಸಿದರೆ ಸಾಹುಕಾರರು ಬಿಡುತ್ತಿರಲಿಲ್ಲ, ನೀರಿಗೆಂದರೆ ಕೇಳುವವರಿಲ್ಲ. "ನೀರು ನೋಡೋಣೇನು ಖಾಜಾಮಿಯಾ?" ಎಂದು ಎರಡೂ ದಿನ ಕೇಳುತ್ತಿದ್ದವನು ನಾನು. ಬಾಯಾರಿಕೆ ಇಲ್ಲದ ಮೋಟಾರಿಗೆ ಅವನು ನನ್ನ ಮಾತಿಗಾಗಿ ಒಂದು ಕೊಡ ಸುರಿಯುತ್ತಿದ್ದ. ಯಾರು, ಎಲ್ಲಿ, ಎಷ್ಟು ಗಂಟೆಗೆ ಎಂಬುದರಲ್ಲಿ ಮೊದಲನೆಯದನ್ನೇ ನಾನು ಬರೆದಿರಲಿಲ್ಲ.

"ನಿಲ್ಲಿಸಿದವ ನಾನು ಸಾಹುಕಾರ್ರೇ. ಇವ ಬ್ಯಾಡ ಅಂದಿಲ್ಲ, ಅಷ್ಟೇ ಇವನ ತಪ್ಪು."

ಸಾಹುಕಾರರು ನನ್ನನ್ನೂ ಪಾಚಿಯನ್ನೂ ಒಂದೇ ಕಣ್ಣಿನಿಂದ ನೋಡಿದರು. ಚಾಚಿದ ಕೈ ಹಿಂದಕ್ಕೆ ಹೋಯಿತು. "ಕೀಲಿ ಖಾಜಾನ ಹತ್ರಾನೇ ಇರ್ಲಿ. ನೀವು ಇನ್ ಮ್ಯಾಲ ಹಿಂದ ಕೂಡ್ರಿ," ಎಂದರು.

ಅಂದಿನ ಲಕೋಟೆಯಲ್ಲಿ ಮೂರು ಸಾಲಿನ ಸುದ್ದಿ ಸೇರಿಸಿದೆ: ಕಲ್ಯಾಣಿ ಮೋಟಾರು ಸುಸ್ಥಿತಿಗೆ ಬಂದಿದೆ, ಡ್ರೈವರನ ತಪ್ಪಿಲ್ಲವೆಂದು ಸಿದ್ಧವಾಗಿದೆ, ಕೆಟ್ಟದ್ದು ಒಬ್ಬ ಪ್ರಯಾಣಿಕನಿಂದ, ಆತನ ಹೆಸರು ತಿಳಿದುಬಂದಿಲ್ಲ. ಅಷ್ಟು ವರ್ಷದಲ್ಲಿ ನಾನು ಗೊತ್ತಿದ್ದೂ ಬರೆದ ಸುಳ್ಳು ಅದೊಂದೇ. ಅಚ್ಚಾಗಿ ಬಂದದ್ದನ್ನು ಖಾಜಾಮಿಯಾ ಯಾರಿಂದಲೋ ಓದಿಸಿಕೊಂಡ. ಮಂಗಳವಾರ ಹೊಂಡದ ಬಳಿ ಬಂದಾಗ ಮೋಟಾರನ್ನು ಸ್ವಲ್ಪ ಸಾವಕಾಶ ಮಾಡಿ, ಹಿಂದಿನ ಸೀಟಿನತ್ತ ತಿರುಗಿ ಬಹಳ ಮರ್ಯಾದೆಯಿಂದ ಕೇಳಿದ: "ಆ ಮನಷ್ಯಾನ ಹೆಸರು ಇನ್ನಾ ತಿಳಿದಿಲ್ಲೇನ್ರಿ?"