ಅತ್ತೆ ಹೇಳಿದ ಉಳಿದರ್ಧ

ಕಳೆದ ದೀಪಾವಳಿ ಮುಗಿದ ಭಾನುವಾರ, ಮಧ್ಯಾಹ್ನದ ಆಟದ ಇಂಟರ್ವೆಲ್ಲಿನಲ್ಲಿ, ಪುಣೆಯ ವಾಕಡದ ಒಂದು ಮಾಲಿನ ಮೂರನೇ ಪರದೆಯ ಬಾಗಿಲ ಎಡಗಡೆ, ಕುಡಿಯುವ ನೀರಿನ ನಲ್ಲಿಗೂ ಕಸದ ಡಬ್ಬಿಗೂ ನಡುವೆ ನಾನು ನಿಂತಿದ್ದೆ. ಬೆಳಕು ಚೆನ್ನಾಗಿತ್ತು. ಕನ್ನಡಕ ಮೂಗಿನ ಮೇಲೇ ಇತ್ತು. ಇಷ್ಟನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಅಲ್ಲಿ ಕಂಡದ್ದನ್ನು ನಮ್ಮ ನೆಂಟರಲ್ಲಿ ಯಾರೂ ನಂಬುತ್ತಿಲ್ಲ. ನನ್ನ ಸೋದರಮಾವ ಇಂಟರ್ವೆಲ್ ಮುಗಿದ ಮೇಲೆ ಮತ್ತೆ ಒಳಗೆ ಹೋದರು!

ಇದರಲ್ಲೇನು ವಿಶೇಷ ಅನ್ನುತ್ತೀರಾ? ಮಾವ ಆ ದಿನದವರೆಗೆ ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಹಾಗೆಂದು ಸಿನಿಮಾ ನೋಡದವರೂ ಅಲ್ಲ. ಹಳೆಯದು, ಹೊಸದು, ಕನ್ನಡ, ಹಿಂದಿ, ಮರಾಠಿ, ಬಂದದ್ದೆಲ್ಲ ನೋಡಿದ್ದಾರೆ. ಅರ್ಧ.

ಉಡುಪಿ ಕಡೆಯಿಂದ ಬಂದ ಮಾವ ಪುಣೆಯ ಕ್ಯಾಂಪ್ ಪ್ರದೇಶದಲ್ಲಿ ಒಂದು ಹಳೆಯ ಟಾಕೀಸಿನ ಎದುರು ಹೋಟೆಲು ನಡೆಸುತ್ತಿದ್ದರು. ಇಂಟರ್ವೆಲ್ ಗಂಟೆ ಹೊಡೆದರೆ ಇಡೀ ಟಾಕೀಸು ಚಹಾಕ್ಕೂ ವಡೆಗೂ ರಸ್ತೆ ದಾಟಿ ಬರುತ್ತಿತ್ತು. ಆ ನೂಕಿನಲ್ಲಿ ಗಲ್ಲಾದ ಮೇಲೆ ಮಾವನೇ ಇರಬೇಕು. ಹಾಗಾಗಿ ಮೊದಲರ್ಧ ಮಾವನಿಗೆ. ಜನ ವಾಪಸು ಹೋಗುವಾಗ ಅವರ ಜೊತೆ ರಸ್ತೆ ದಾಟಿ, ಅದೇ ಟಿಕೆಟಿನಲ್ಲಿ, ಅದೇ ಕುರ್ಚಿಯಲ್ಲಿ ಎರಡನೆಯರ್ಧ ಅತ್ತೆಗೆ. ಗೇಟಿನವನು ದಿನವೂ ಹೋಟೆಲಿನ ಚಹಾ ಕುಡಿಯುತ್ತಿದ್ದವನು, ಏನೂ ಕೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಚಟ್ನಿಗೆ ಕಾಯಿ ತುರಿಯುವ ಹೊತ್ತಿಗೆ ಮಾವ ತಮ್ಮ ಅರ್ಧ ಹೇಳುತ್ತಿದ್ದರು, ಅತ್ತೆ ತಮ್ಮ ಅರ್ಧ ಹೇಳುತ್ತಿದ್ದರು. ಕೊನೆಗೆ ಅತ್ತೆ ತುರಿಮಣೆ ಮಡಚಿ, "ಎಲ್ಲ ಕ್ಷೇಮ" ಅನ್ನುತ್ತಿದ್ದರು. ಅಲ್ಲಿಗೆ ಸಿನಿಮಾ ಮುಗಿಯಿತು.

ಹೀಗೆ ನೋಡಿದ ಮನುಷ್ಯನ ಅಭಿಪ್ರಾಯಗಳು ಹೇಗಿರಬೇಡ! ಮಾವನ ಪ್ರಕಾರ ಖಳನಾಯಕರಷ್ಟು ಮರ್ಯಾದಸ್ಥರು ಯಾರೂ ಇಲ್ಲ. "ಪಾಪ, ದೇವಸ್ಥಾನಕ್ಕೆ ಗಂಟೆ ಮಾಡಿಸಿಕೊಟ್ಟದ್ದು ಯಾರು? ಆ ಮೀಸೆಯವರು. ನಾಯಕನಿಗೆ ಕೆಲಸ ಕೊಟ್ಟದ್ದು ಯಾರು? ಅವರೇ. ಮತ್ತೆ ಜನ ಅವರನ್ನು ಬೈಯುವುದು ಎಂತಕ್ಕೆ?" ಈಚಿನ ಸಿನಿಮಾಗಳು ಎರಡೆರಡು ಭಾಗವಾಗಿ ಬರುವುದು ಮಾವನಿಗೆ ಬಹಳ ಹಿಡಿಸಿದೆ. "ಈಗ ಬುದ್ಧಿ ಬಂತು ನೋಡು. ಎಲ್ಲರೂ ಅರ್ಧಕ್ಕೇ ಎದ್ದು ಹೋಗ್ತಾರೆ."

ನಾನು ಅವರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ಕಾಲದ್ದು ಒಂದು ಜಗಳ ನೆನಪಿದೆ. ಕಲಬುರಗಿ ಕಡೆಯ ಒಬ್ಬ ಗೌಂಡಿ ಮೇಸ್ತ್ರಿ ದಿನವೂ ಹೋಟೆಲಿಗೆ ಬರುತ್ತಿದ್ದರು. ಊರೆಲ್ಲ ಅತ್ತ ಒಂದು ಸಿನಿಮಾದ ಮಾತು ಬಂತು.

"ಅವಳು ಆಸ್ಪತ್ರೆಯಿಂದ ಬಂದಳಲ್ಲ, ಅದು ಒಳ್ಳೆದಾಯ್ತು" ಅಂದರು ಮಾವ. "ಅವಳಿ ಮಕ್ಕಳು ಬೇರೆ."

ಮೇಸ್ತ್ರಿ ವಡೆ ಕೆಳಗಿಟ್ಟರು. "ಅಲ್ರೀ ಸೇಠ್ರ, ಏನ್ ಮಾತಾಡ್ತೀರಿ! ಆಕಿ ಸತ್ತಾಳ್ರಿ. ಚಿತಿಗಿ ಬೆಂಕಿ ಹಚ್ಚಿದ್ದು ನಾ ಕಣ್ಣಾರೆ ನೋಡೀನಿ. ಭಾಳ ಅತ್ತೀನ್ರಿ!"

"ಅದು ಕನಸು ಮಾರಾಯ್ರೆ. ನೀವು ಕೊನೆವರೆಗೆ ಕೂತಿಲ್ಲ ಕಾಣ್ತದೆ."

ಜೀವನದಲ್ಲಿ ಒಮ್ಮೆಯೂ ಕೊನೆವರೆಗೆ ಕೂರದವರು ಹೇಳಿದ ಮಾತಿದು! ಮೇಸ್ತ್ರಿ ಎದ್ದು ನಿಂತರು. ಆಗ ಅಡುಗೆಮನೆಯ ಕಿಟಕಿಯಿಂದ ಅತ್ತೆಯ ಕೈ ಬಂತು, ಕೈಯಲ್ಲಿ ಇನ್ನೊಂದು ತಟ್ಟೆ ವಡೆ. ಹಿಂದೆಯೇ ಅತ್ತೆಯ ಮುಖ. ಮೇಸ್ತ್ರಿ ಆ ಮುಖವನ್ನು ನೋಡಿದರು, ಗಲ್ಲಾದಲ್ಲಿದ್ದ ಮುಖವನ್ನೂ ನೋಡಿದರು. ನಿಧಾನವಾಗಿ ಕೂತರು. "ಹೌದ್ರಿ ಸೇಠ್ರ. ಕನಸ ಇರಬೇಕು."

ಅತ್ತೆ ಆಮೇಲೆ ನನಗೆ ಹೇಳಿದರು. ಮದುವೆಯಾದ ಹೊಸದರಲ್ಲಿ ಒಂದು ಸಿನಿಮಾದ ಕೊನೆಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರಂತೆ. ನಾಯಕಿ ಸತ್ತಳು ಅಂತ. ಆ ದಿನ ಮಾವ ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುತ್ತಾ ಅಳುತ್ತಿದ್ದರು. ಮನೆಯಲ್ಲಿ ಸಾವಾಗಿದೆ ಎಂದುಕೊಂಡ ಗಿರಾಕಿಗಳು ತಿಂದ ತಟ್ಟೆ ತಾವೇ ತೊಳೆದಿಟ್ಟು, ಕೈಮುಗಿದು ಹೋದರಂತೆ. "ಅವತ್ತಿನಿಂದ ನಾನು ಯಾರನ್ನೂ ಸಾಯಲು ಬಿಡ್ಲಿಲ್ಲ ಮಾರಾಯ. ನೀನೂ ಬಿಡಬೇಡ."

ಬಿಡಲಿಲ್ಲ. ಹೋಟೆಲು ಇನ್ನೊಬ್ಬರ ಕೈಗೆ ಹೋಯಿತು, ಟಾಕೀಸು ಇದ್ದ ಜಾಗದಲ್ಲಿ ಈಗ ಕಾರುಗಳು ನಿಲ್ಲುತ್ತವೆ, ಇಬ್ಬರೂ ವಾಕಡದ ನಮ್ಮ ಮನೆಗೇ ಬಂದರು. ನಾನು ಜೋಡಿ ಟಿಕೆಟು ತೆಗೆದುಕೊಟ್ಟೆ. ಆದರೂ ಮೊದಲರ್ಧ ಅತ್ತೆ ಹೊರಗಿನ ಬೆಂಚಿನಲ್ಲಿ, ಎರಡನೆಯರ್ಧ ಮಾವ ಅದೇ ಬೆಂಚಿನಲ್ಲಿ. ಪಕ್ಕದ ಕುರ್ಚಿಯಲ್ಲಿಟ್ಟಿದ್ದ ಅತ್ತೆಯ ಚೀಲವೊಂದೇ ಸಿನಿಮಾವನ್ನು ಪೂರ್ತಿ ನೋಡಿತು.

ಹೋದ ವರ್ಷ ಅತ್ತೆಗೆ ಪಾರ್ಶ್ವವಾಯು ಹೊಡೆಯಿತು. ತಿಳಿವಳಿಕೆ ಮೊದಲಿನಷ್ಟೇ ಚುರುಕು. ಮಾತು ಹೋಯಿತು. ಮಾವ ಸಿನಿಮಾ ಬಿಟ್ಟರು.

ಆಗ ಬಂತು ಆ ಹಳೆಯ ಸಿನಿಮಾ, ಮೇಸ್ತ್ರಿ ಅತ್ತದ್ದು, ಹಳೆಯ ಪ್ರಿಂಟು ಹೊಸದಾಗಿ ತೊಳೆಸಿಕೊಂಡು, ಮತ್ತೆ ಬಿಡುಗಡೆಯಾಗಿ. ಮಾವ ನೋಡಬೇಕೆಂದರು. ಅರ್ಧ ತಾನೇ ಎಂದು ಕರೆದುಕೊಂಡು ಹೋದೆ. ಇಂಟರ್ವೆಲ್ಲಿಗೆ ಕಾರಿನ ಕೀಲಿ ಕೈಯಲ್ಲಿ ಹಿಡಿದು, ಮೊದಲು ಹೇಳಿದ ಜಾಗದಲ್ಲಿ ನಿಂತೆ.

"ಉಳಿದದ್ದೂ ನೋಡ್ತೇನೆ" ಅಂದರು ಮಾವ.

ನಾನು ಬಾಗಿಲಿಗೆ ಅಡ್ಡ ನಿಂತೆ. "ಎಂತಕ್ಕೆ ಮಾವ? ಅತ್ತೆ ಹೇಳಿದ್ದಾರಲ್ಲ?"

"ಅದೇ. ಅವಳು ಹೇಳಿದ್ದನ್ನು ಇನ್ನೊಮ್ಮೆ ಕೇಳುವ ಆಸೆ. ಅವಳಿಗೆ ಈಗ ಆಗುವುದಿಲ್ಲ. ಪರದೆಯಾದರೂ ಹೇಳ್ತದಲ್ಲ."

"ಒಳಗೆ ಎ.ಸಿ. ಜಾಸ್ತಿ ಉಂಟು. ನೆಗಡಿ ಆಗ್ತದೆ."

"ಶಾಲು ಉಂಟು."

ಹೋದರು. ನಾನೂ ಹೋಗಿ ಪಕ್ಕದಲ್ಲಿ ಕೂತೆ. ಆಸ್ಪತ್ರೆ ಬಂತು. ಅವಳು ಅಲ್ಲಿಂದ ಹೊರಗೆ ಬರಲಿಲ್ಲ. ಚಿತೆ ಉರಿಯಿತು. ಯಾರೂ ಬೆಚ್ಚಿಬಿದ್ದು ನಿದ್ದೆಯಿಂದ ಏಳಲಿಲ್ಲ. ಮಾವ ಶಾಲು ಹೊದ್ದು, ಲೈಟು ಹಿಡಿದವರ ಹೆಸರುಗಳೂ ದಾಟಿಹೋಗುವವರೆಗೆ ಕೂತಿದ್ದರು. ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ; ಆದ್ದರಿಂದ ಅದು ಹೇಗಿತ್ತು ಎಂದು ಹೇಳಲಾರೆ.

ಕಾರಿನಲ್ಲಿ ಕೇಳಿದೆ. "ಹೇಗಿತ್ತು ಮಾವ?"

"ಮೊದಲರ್ಧ ಒಳ್ಳೆದುಂಟು" ಅಂದರು. ಸಿಗ್ನಲ್ ದಾಟಿದ ಮೇಲೆ ಅಂದರು, "ಎರಡನೆಯದು ಬರೆದವನಿಗೆ ಮನೆಯಲ್ಲಿ ಯಾರೂ ಇಲ್ಲ ಕಾಣ್ತದೆ."

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ನಾವು ತಡವಾಗಿ ಬಂದದ್ದು ಏಕೆಂದು ಅವರಿಗೆ ಆಗಲೇ ತಿಳಿದಿತ್ತು. ಮಾವನನ್ನೇ ನೋಡಿದರು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ. ಸರಿಯಿದ್ದ ಕೈ ಸೀರೆಯ ಸೆರಗನ್ನು ಮುದುಡುತ್ತಿತ್ತು.

ಮಾವ ಸ್ಟೂಲು ಎಳೆದು ಎದುರು ಕೂತರು. "ಇವತ್ತು ನಿನ್ನ ಅರ್ಧವನ್ನೂ ನಾನೇ ಹೇಳ್ತೇನೆ, ಕೇಳು. ಅವಳಿಗೆ ಜ್ವರ ಇಳಿಯಿತು. ಗಂಡ ರಿಕ್ಷಾ ತಂದ. ಮನೆಗೆ ಬಂದರು. ಮಕ್ಕಳು ಎರಡೂ ಅವಳ ಹಾಗೇ ಉಂಟು." ಶಾಲು ತೆಗೆದು ಮಡಿಲಲ್ಲಿಟ್ಟುಕೊಂಡರು. "ನಡುವೆ ಒಂದು ಚಿತೆ ತೋರಿಸಿದ್ರು ಮಾರಾಯ್ತಿ. ಅದು ಕನಸು."

ಅತ್ತೆಯ ತುಟಿ ಏನನ್ನೋ ಹೇಳಲು ಒದ್ದಾಡಿತು. ಆಗಲಿಲ್ಲ. ಮಾವ ಅದನ್ನೂ ಹೇಳಿದರು. "ಎಲ್ಲ ಕ್ಷೇಮ."

ಅತ್ತೆ ಅರ್ಧ ಮುಖದಲ್ಲಿ ನಕ್ಕರು. ಕಣ್ಣೀರು ಎರಡೂ ಕಣ್ಣಲ್ಲಿ ಬಂತು.

ಇದನ್ನು ಕಂಡವರು ನಾನು ಮತ್ತು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ. ಇಬ್ಬರೂ ಇದ್ದೇವೆ. ಚಿತೆಯನ್ನು ಕಂಡ ಮೇಸ್ತ್ರಿ ಮಗನ ಜೊತೆ ಪುಣೆ ಹತ್ತಿರದ ರಾಂಜಣಗಾಂವದಲ್ಲಿದ್ದಾರೆ. ಫೋನು ಮಾಡಿ ಕೇಳಿದೆ. "ಕನಸರೀ ಅದು. ನಾ ಅವತ್ತೇ ಒಪ್ಪೀನಲ್ಲ" ಅಂದರು. ಅತ್ತೆ ಇದ್ದಾರೆ. ಮಾವ ಇದ್ದಾರೆ. ಆ ನಾಯಕಿಯೂ ಇದ್ದಾಳೆ.